ನಾಲ್ಕು ಮನೆಯ ಕಪ್‌ಗಳು

ಭಾನುವಾರ, ಮಧ್ಯಾಹ್ನ ಎರಡು ಗಂಟೆ
ಮಹಡಿಯ ಕೋಣೆಯಿಂದ

ಅಡುಗೆಮನೆಯ ಒಡತಿಯೂ, ಆರು ತಿಂಗಳಿನಿಂದ ನನ್ನ ಅಣ್ಣನನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೂ ಆದ ಅತ್ತಿಗೆಯವರಿಗೆ,

ನಿಮ್ಮ ಒಬ್ಬಳೇ ನಾದಿನಿಯ ನಮಸ್ಕಾರಗಳು. ಇಲ್ಲಿಂದ ನಿಮ್ಮ ಬಳಿಗೆ ಹದಿನಾಲ್ಕೇ ಮೆಟ್ಟಿಲು, ಇಳಿದು ಬಂದು ಹೇಳಬಹುದಿತ್ತು. ಆದರೆ ಎದುರು ನಿಂತರೆ ನನಗೆ ನಗು ಬರುತ್ತದೆ, ನಿಮಗೆ ಅಳು. ಹಾಗಾಗಿ ಈ ಪತ್ರವನ್ನು ಟೀಪುಡಿ ಡಬ್ಬಿಯೊಳಗೆ ಇಡುತ್ತಿದ್ದೇನೆ. ಮುಚ್ಚಳ ತೆಗೆಯದೆ ನಿಮಗೆ ಗತಿಯಿಲ್ಲ.

ವಿಷಯ, ಹೋದ ಭಾನುವಾರದ ನಿಮ್ಮ ಚಹಾಕೂಟ. ಬೀದಿಯಲ್ಲಿ ಯಾರ ಪರಿಚಯವೂ ಇಲ್ಲ, ನಾಲ್ಕು ಮನೆಯವರನ್ನು ಟೀಗೆ ಕರೆಯಲಾ ಅಂತ ನೀವು ಕೇಳಿದಾಗ, ತಿಂಗಳ ಕೊನೆ ಕಣೇ ಅಂತ ಅಣ್ಣ ತಲೆ ಕೆರೆದುಕೊಂಡ. ನೀವು ಬಿಡಲಿಲ್ಲ. ಒಂದು ಪೌಂಡು ಬ್ರೆಡ್, ಎರಡು ಸೌತೆಕಾಯಿ, ಒಂದು ತುಂಡು ಶುಂಠಿ. ಕತ್ತರಿಸಿದ ಬ್ರೆಡ್ಡಿನ ಅಂಚನ್ನೂ ಬಿಸಾಡದೆ ಹುರಿದು ಸಕ್ಕರೆ ಉದುರಿಸಿದಿರಿ. ಹಳೆಯ ಪರದೆಗೆ ಇಸ್ತ್ರಿ ಹಾಕಿ ಮೇಜಿಗೆ ಹೊದಿಸಿದಿರಿ. ಕಪ್ ಸಾಲದಿದ್ದಾಗ, ಕರೆದ ಮನೆಗಳಿಂದಲೇ ಎರಡೆರಡು ಕೇಳಿ ತಂದಿರಿ. ಅವರ ಕಪ್ಪಿನಲ್ಲೇ ಅವರಿಗೆ ಟೀ ಕೊಟ್ಟು ಭೇಷ್ ಅನ್ನಿಸಿಕೊಳ್ಳುವ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ. ಎಂಟೂ ಬಿಳಿ ಕಪ್. ಯಾವುದು ಯಾರದು ಅಂತ ಗುರುತಿಸುವುದೇ ಕಷ್ಟ. ಅದಕ್ಕೇ ನೀವು ತಳಕ್ಕೆ ಬಣ್ಣದ ಚುಕ್ಕೆ ಅಂಟಿಸಿದಿರಿ: ನರ್ಸಮ್ಮನಿಗೆ ಕೆಂಪು, ಟೈಲರ್ ಆಂಟಿಗೆ ನೀಲಿ, ಟೀಚರಮ್ಮನಿಗೆ ಹಳದಿ, ಬೇಕರಿಯವರಿಗೆ ಹಸಿರು.

ಆ ಚುಕ್ಕೆಗಳನ್ನು ಅದಲು ಬದಲು ಮಾಡಿದ್ದು ನಾನು.

ನೀವು ಈ ಮನೆಗೆ ಬರುವ ಮೊದಲು, ಪ್ರತಿ ಭಾನುವಾರ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಅಣ್ಣನೂ ನಾನೂ ಟೀ ಕುಡಿಯುತ್ತಿದ್ದೆವು. ಅವನು ಬಿಸ್ಕತ್ತು ಅದ್ದುತ್ತಿದ್ದ, ಅದು ಮುರಿದು ಮುಳುಗುತ್ತಿತ್ತು, ಅಗಲಿದ ಬಿಸ್ಕತ್ತಿಗೆ ನಾನು ಎದ್ದು ನಿಂತು ಶ್ರದ್ಧಾಂಜಲಿ ಭಾಷಣ ಮಾಡುತ್ತಿದ್ದೆ. ಅವನು ಕೆಮ್ಮು ಬರುವಷ್ಟು ನಗುತ್ತಿದ್ದ. ಈಗ ಬಿಸ್ಕತ್ತು ಮುಳುಗುವ ಮೊದಲೇ ನೀವು ಚಮಚ ಹಿಡಿದು ಸಿದ್ಧ. ಸಾವೇ ಇಲ್ಲದ ಮೇಲೆ ಭಾಷಣ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಚಹಾಕೂಟದ ದಿನ ಅಣ್ಣ ಎಲ್ಲರ ಮುಂದೆ, ನಮ್ಮ ಮನೆಯಲ್ಲಿ ಇಂಥ ಟೀ ಯಾರೂ ಮಾಡಿರಲಿಲ್ಲ ಅಂದ. ಐದು ವರ್ಷ ಟೀ ಮಾಡಿದವಳು ಬಾಗಿಲ ಹಿಂದೆ ಟ್ರೇ ಹಿಡಿದು ನಿಂತಿದ್ದೆ. ಪಾಪ, ಎಷ್ಟು ಒಳ್ಳೆ ಹುಡುಗಿ, ಕಪ್ಪೆಲ್ಲ ತಾನೇ ಒಳಗೆ ಒಯ್ಯುತ್ತಾಳೆ ಅಂತ ನರ್ಸಮ್ಮ ಹೊಗಳಿದ್ದು ಆಗಲೇ.

ಮುಂದಿನದು ನಿಮಗೆ ಗೊತ್ತು. ಟೀಚರಮ್ಮನಿಗೆ ಬೀಳ್ಕೊಡುಗೆಯಲ್ಲಿ ಸಿಕ್ಕ ಜೋಡಿ ಕಪ್ ಟೈಲರ್ ಆಂಟಿಯ ಕಪಾಟು ಸೇರಿತು. ಕೇಳಿದರೆ ನೀಲಿ ಚುಕ್ಕೆ ನನ್ನದೇ ಅಂತ ಅವರ ಹಟ. ಇಬ್ಬರೂ ಮಾತು ಬಿಟ್ಟರು, ಆಮೇಲೆ ಇಬ್ಬರೂ ನಿಮ್ಮ ಮೇಲೆ ತಿರುಗಿದರು. ಎರಡು ಕಪ್ ಸರಿಯಾಗಿ ವಾಪಸು ಕೊಡಲು ಬಾರದವಳು ಜನರನ್ನು ಯಾಕೆ ಕರೆಯಬೇಕಿತ್ತು ಅಂದರಂತೆ. ನೀವು ಬೀದಿಕಡೆಯ ಕಿಟಕಿ ಮುಚ್ಚಿ, ಇನ್ನು ಈ ಮನೆಗೆ ಯಾರನ್ನೂ ಕರೆಯುವುದಿಲ್ಲ ಅಂದಿರಿ. ಅಂದಿನಿಂದ ಅಣ್ಣ ಇಡೀ ಸಂಜೆ ನಿಮ್ಮ ಪಕ್ಕದಲ್ಲೇ. ನಾನು ಕೊಡಲಿ ಎತ್ತಿದ್ದು ಯಾರಿಗೆ, ಬಿದ್ದದ್ದು ಯಾರ ಕಾಲಿಗೆ, ನೀವೇ ಹೇಳಿ.

ಇವತ್ತು ಬೆಳಿಗ್ಗೆ ಬುಟ್ಟಿ ಹಿಡಿದು ನಾಲ್ಕೂ ಮನೆಗೆ ಹೋದೆ. ತಪ್ಪೊಪ್ಪಿಕೊಂಡೆ, ಕಪ್‌ಗಳನ್ನು ಅವರವರಿಗೆ ಮುಟ್ಟಿಸಿದೆ. ಟೈಲರ್ ಆಂಟಿ ಅಳತೆ ಟೇಪನ್ನು ನನ್ನ ಕತ್ತಿಗೆ ಸುತ್ತಿ, ಎಷ್ಟು ಬಿಗಿ ಮಾಡಲಿ ಅಂತ ಕೇಳಿದರು. ಟೀಚರಮ್ಮ ‘ನಾನು ಚುಕ್ಕೆ ಬದಲಿಸುವುದಿಲ್ಲ’ ಅಂತ ಇಪ್ಪತ್ತು ಸಲ ಬರೆಸಿದರು. ಹಾಳೆ ಇದರ ಜೊತೆಗಿದೆ. ಬೇಕರಿಯವರಿಗೆ ಕಪ್ ಬದಲಾದದ್ದೇ ಗೊತ್ತಿರಲಿಲ್ಲ, ಈಗಲೂ ನಂಬಿಲ್ಲ. ಕೊನೆಗೆ ಎಲ್ಲರೂ ಕೇಳಿದ್ದು ಒಂದೇ: ಆ ಹುಡುಗಿ ಮತ್ತೆ ಯಾವಾಗ ಕರೆಯುತ್ತಾಳೆ?

ಇವತ್ತು ನಾಲ್ಕಕ್ಕೆ ಅಂದುಬಿಟ್ಟೆ. ಅವರವರ ಕಪ್ ಅವರವರೇ ತರುತ್ತಾರೆ. ಬ್ರೆಡ್ ತಂದಿದ್ದೇನೆ, ಸೌತೆಕಾಯಿ ಹೆಚ್ಚಿದ್ದೇನೆ, ಅಂಚು ಬಿಸಾಡಿಲ್ಲ. ಟೀ ಮಾತ್ರ ನೀವೇ ಮಾಡಬೇಕು. ಈ ಸಾಲು ಬರೆಯಲು ನನಗೆ ಕಾಲು ಗಂಟೆ ಹಿಡಿಯಿತು. ಬೇಗ ಕಿಟಕಿ ತೆಗೆಯಿರಿ.

ನಿಮ್ಮನ್ನು ಇನ್ನೂ ಪೂರ್ತಿ ಕ್ಷಮಿಸದ, ಆದರೆ ನಿಮ್ಮ ಕ್ಷಮೆ ಬೇಕೇ ಬೇಕಾದ,
ನಾದಿನಿ

ತಾ.ಕ.: ಚಹಾಕೂಟದ ದಿನ ನೀವು ನನ್ನನ್ನು, ಹಿತ್ತಿಲ ಮೆಟ್ಟಿಲ ಮೇಲೆ ನಿನ್ನ ಕಪ್ಪಿನಲ್ಲಿ ಟೀ ತುಂಬಿಸಿ, ಸಾಸರ್ ಮುಚ್ಚಿ ಇಟ್ಟಿದ್ದೆ, ನೋಡಲಿಲ್ಲವಾ ಅಂತ ಕೇಳಿದಿರಿ. ಇಲ್ಲ ಅಂದೆ. ಸುಳ್ಳು. ಚುಕ್ಕೆ ಬದಲಿಸಿ ಅಲ್ಲಿಗೆ ಹೋದಾಗ ಅದು ಇನ್ನೂ ಬಿಸಿಯಿತ್ತು, ಪಕ್ಕದಲ್ಲಿ ಎರಡು ಬಿಸ್ಕತ್ತಿತ್ತು. ಒಳಗೆ ಹೋಗಿ ಚುಕ್ಕೆ ಸರಿಮಾಡಲು ಸಮಯವೂ ಇತ್ತು. ನಾನು ಕೂತು ಟೀ ಕುಡಿದೆ. ಅಣ್ಣ ಹೇಳಿದ್ದು ನಿಜ, ಅಂಥ ಟೀ ನಾನು ಯಾವತ್ತೂ ಮಾಡಿರಲಿಲ್ಲ. ಎಲ್ಲರೂ ಹೋದ ಮೇಲೆ ಮೆಟ್ಟಿಲಿಗೆ ಬನ್ನಿ. ಟೈಲರ್ ಆಂಟಿಯ ಟೇಪ್ ತಂದು ಅಳೆದಿದ್ದೇನೆ, ಮೂವರಿಗೆ ಸಾಲುತ್ತದೆ, ನಡುವೆ ಅಣ್ಣ. ಚಮಚ ಮಾತ್ರ ಒಳಗೇ ಬಿಟ್ಟು ಬನ್ನಿ.