ಅಪ್ಪನ ಅರ್ಜಿ ಬಂದಾಗ

ಪ್ರೀತಿಯ ಅಪ್ಪನಿಗೆ,

ನಿಮ್ಮ ಗೊಂಬೆಯಾಟಕ್ಕೆ ಸರ್ಕಾರದ ಧನಸಹಾಯ ಸಿಕ್ಕಿದೆ, ಇವತ್ತು ಪ್ರಕಟವಾಯಿತು. ಈಗ ಹೇಳಬಹುದು.

ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಅಲ್ಲಿ ಅಧಿಕಾರಿಗಳಿರಲಿಲ್ಲ, ಇದ್ದವರೆಲ್ಲ ನಮ್ಮಂಥ ಕಲಾವಿದರೇ. ನಿಮ್ಮ ಅರ್ಜಿ ಬಂದ ಕೂಡಲೇ ನಾನು ಎದ್ದು, "ಇವರು ನಮ್ಮಪ್ಪ, ನಾನು ಹೊರಗಿರ್ತೀನಿ" ಎಂದೆ. ವರಾಂಡದಲ್ಲಿ ನಿಂತು ಉಗುರು ಕಚ್ಚಿದೆ. ಒಳಗೆ ಮೊದಲು ಜೋರು ವಾದ, ಆಮೇಲೆ ನಿಮ್ಮ ಆಟದ ವಿಡಿಯೊ, ಆಮೇಲೆ ಬಿದ್ದು ಬಿದ್ದು ನಗು. ಬಾಗಿಲು ತೆರೆದ ನಾಟಕದ ಮೇಷ್ಟ್ರು, ಸದಾ ಮುಖ ಗಂಟಿಕ್ಕಿಕೊಂಡಿರುವ ಮನುಷ್ಯ, ಕಣ್ಣೊರೆಸಿಕೊಳ್ಳುತ್ತಿದ್ದರು. "ಬಾಮ್ಮ, ಮುಂದಿನ ಅರ್ಜಿ ನೋಡೋಣ" ಎಂದರಷ್ಟೆ. ನಾನೂ ಕೇಳಲಿಲ್ಲ.

ಒಂದು ಕೆಲಸ ಮಾಡಿ. ಯಾರಾದರೂ "ಮಗಳು ಒಳಗಿದ್ಳು, ಅದಕ್ಕೇ ಸಿಕ್ತು" ಅಂದರೆ ಜಗಳಕ್ಕೆ ಹೋಗಬೇಡಿ. ತಲೆಯೆತ್ತಿ, "ಹೊರಗಿದ್ಳು" ಅನ್ನಿ.

ನಿಮ್ಮ ಮಗಳು