ಬುಧವಾರ ಸಂಜೆಯ ಸಭೆ

ವಿಲ್ಕರ್‌ಟನ್, ಅಲಬಾಮಾ
ಅಕ್ಟೋಬರ್ ೧೪, ೨೦೧೪

ನನ್ನ ಮುದ್ದು ತಂಗಿ ವರ್ಡೆಲ್,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರ ಬರೆಯದ ಅಕ್ಕನನ್ನು ಬೈದುಕೊಂಡಿರುತ್ತೀಯ; ಬೈಯಿ, ತಪ್ಪು ನನ್ನದೇ. ಡೆಟ್ರಾಯಿಟ್‌ನಲ್ಲಿ ಚಳಿ ಶುರುವಾಯಿತೆ? ಮಂಡಿನೋವು ಹೇಗಿದೆ? ನಾನು ಕಂಡವರ ಜೊತೆ ಜಗಳವಾಡಿಕೊಂಡು ಗಟ್ಟಿಯಾಗಿಯೇ ಇದ್ದೇನೆ.

ಚಿಂತೆಯೆಲ್ಲ ತಮ್ಮ ಲೂಷಿಯಸ್‌ನದು. ಸಕ್ಕರೆ ಕಾಯಿಲೆಗೆ ಕಾಲಿನ ಎರಡು ಬೆರಳು ಹೋದವು. ಡಾಕ್ಟರು ಸೊಪ್ಪು ತಿನ್ನು, ತರಕಾರಿ ತಿನ್ನು ಅನ್ನುತ್ತಾರೆ. ಎಲ್ಲಿಂದ ತರುವುದು? ನಮ್ಮ ಕಡೆಯ ಅಂಗಡಿ ಮುಚ್ಚಿ ಒಂಬತ್ತು ವರ್ಷವಾಯಿತು. ಪೆಟ್ರೋಲ್ ಬಂಕಿನಲ್ಲಿ ಸಿಗುವುದು ಚಿಪ್ಸು, ಡಬ್ಬಿ ಮಾಂಸ, ಸೋಡಾ. ಸೊಪ್ಪು ಬೇಕಾದರೆ ಎರಡು ಬಸ್ಸು ಹತ್ತಿ ಸೇತುವೆಯಾಚೆ ಬಿಳಿಯರ ಕಡೆ ಹೋಗಬೇಕು. ನಾನು ಶನಿವಾರ ಹೊತ್ತು ತಂದದ್ದು ಮಂಗಳವಾರಕ್ಕೆ ಮುಗಿಯುತ್ತದೆ.

ಹೊಸ ಅಂಗಡಿಯ ವಿಷಯ ನಿನಗೆ ಬರೆದಿದ್ದೆನಲ್ಲ? ಒಂದು ದತ್ತಿಸಂಸ್ಥೆ ಹಣ ಕೊಡಲು ಸಿದ್ಧವಿತ್ತು. ನಮ್ಮ ಜನ ಸಭೆಗೆ ಬಂದು ಬೇಕು ಎನ್ನಬೇಕು, ಅಷ್ಟೇ ಷರತ್ತು. ಅಂಗಡಿಯ ಜಾಗ ಗೊತ್ತುಮಾಡುವ ಸಮಿತಿಯ ಏಳು ಮಂದಿಯಲ್ಲಿ ಕರಿಯವಳು ನಾನೊಬ್ಬಳೇ. ಸಭೆ ಇಟ್ಟದ್ದು ಬುಧವಾರ ಸಂಜೆ. ಬುಧವಾರ! ಪ್ರತಿ ಬುಧವಾರ ಸಂಜೆ ಚರ್ಚಿನಲ್ಲಿ ಬೈಬಲ್ ಓದು; ಅದೆಂದರೆ ನಮ್ಮವರು ಜ್ವರ ಬಂದರೂ ಮನೆಯಲ್ಲಿ ಉಳಿಯುವವರಲ್ಲ, ನಿನಗೆ ಗೊತ್ತಲ್ಲ. ದಿನ ಬದಲಿಸಿ ಎಂದು ಪಾದ್ರಿಗಳು ಫೋನು ಮಾಡಿದರೆ, ಎಲ್ಲರೂ ಒಪ್ಪಿದ ದಿನ, ನೋಟೀಸೂ ಅಚ್ಚಾಗಿದೆ ಎಂದರಂತೆ ಸಮಿತಿಯವರು.

ಶಾಲೆಯ ಹಾಲಿನಲ್ಲಿ ಇನ್ನೂರು ಕುರ್ಚಿ, ಬಂದವರು ನಾಲ್ಕು ಜನ. ಎರಡು ಬೀದಿಯಾಚೆ ನಮ್ಮವರು ಹಾಡುವುದು ಕಿಟಕಿಯಿಂದ ಕೇಳಿಸುತ್ತಿತ್ತು. "ಹತ್ತು ನಿಮಿಷ ಕೊಡಿ, ಓಡೋಗಿ ಕರ್ಕೊಂಡ್ಬರ್ತೀನಿ" ಎಂದೆ. ಅಧ್ಯಕ್ಷೆ ಮಿಸೆಸ್ ಪ್ರೂಯಿಟ್ ಕಾಗದ ಜೋಡಿಸಿಕೊಂಡಳು. "ಪಾಪ ಓಝೆಲ್ಲಾ, ನೀವೇನ್ ಮಾಡ್ತೀರಾ. ನಿಮ್ಮ ಜನಕ್ಕೇ ಬೇಡ ಅನ್ಸತ್ತೆ. ನಾವಂತೂ ಕರೆದ್ವಿ."

ಅಂಗಡಿ ಸೇತುವೆಯಾಚೆ ಹೋಯಿತು. ಅಲ್ಲಿ ಆಗಲೇ ಎರಡಿವೆ.

ಚರ್ಚಿನ ಹೆಂಗಸರು ಕೆಂಡವಾಗಿದ್ದಾರೆ. "ಬುಧವಾರ ನಾವೆಲ್ಲಿರ್ತೀವಿ ಅಂತ ಬೀದಿ ನಾಯಿಗೂ ಗೊತ್ತು ಕಣೇ. ಬೇಕೂಂತ್ಲೇ ಮಾಡವ್ರೆ!" ಎಂದು ಹ್ಯಾಟಿಮೇ ಕೂಗಾಡಿದಳು. ಸಮಿತಿಯಲ್ಲಿ ಒಂಟಿಯಾಗಿ ಹೋರಾಡಿದವಳೆಂದು ನನಗೆ ಕೇಕು ಬೇರೆ ಮಾಡಿ ತಂದಳು. ನುಂಗಲಾಗಲಿಲ್ಲ.

ಸೋಮವಾರ ಲೂಷಿಯಸ್‌ನ ಪಾದ ತೆಗೆಯುತ್ತಾರೆ. ಮೊಣಕಾಲಾದರೂ ಉಳಿಯಲಿ ಎಂದು ಪ್ರಾರ್ಥಿಸು. ನೀನು, ನಿನ್ನ ಮಕ್ಕಳು ತಣ್ಣಗಿರಿ. ದೇವರು ನಿಮ್ಮ ತಟ್ಟೆ ಬರಿದು ಮಾಡದಿರಲಿ.

ನಿನ್ನ ಅಕ್ಕ,
ಓಝೆಲ್ಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸಭೆಯ ದಿನ ಗೊತ್ತುಮಾಡುವಾಗ ಮಿಸೆಸ್ ಪ್ರೂಯಿಟ್ ನನ್ನ ಕಡೆಗೇ ತಿರುಗಿ, "ಬುಧವಾರ ನಿಮ್ಮವರಿಗೆ ಆಗತ್ತಾ?" ಎಂದು ಕೇಳಿದಳು. ಆ ದೊಡ್ಡ ಮೇಜಿಗೆ ನನ್ನನ್ನು ಕರೆದದ್ದೇ ಮೊದಲು. ಮೊದಲ ದಿನವೇ ಇವಳದೊಂದು ತಕರಾರು ಅಂದುಕೊಂಡಾರೆಂದು, "ಆಗತ್ತೆ ಮೇಡಂ" ಎಂದುಬಿಟ್ಟೆ. ನಿನ್ನೆ ಆಸ್ಪತ್ರೆಯಲ್ಲಿ ಲೂಷಿಯಸ್ ನನ್ನ ಕೈ ಹಿಡಿದುಕೊಂಡ. "ಬುಧವಾರ ಬೇಡ ಅಂತ ನೀನ್ ಹೇಳಿರ್ತೀಯ ಬಿಡಕ್ಕ, ಅವ್ರೇ ಕೇಳಿರಲ್ಲ" ಎಂದ. ನಾನು ಹೂಂ ಎಂದೆ.