ಯಾರ ಭಯವೂ ಇಲ್ಲವೆಂದು ಬರೆದುಕೊಟ್ಟೆ

ಸ್ಯಾನ್ ಮಟಿಯೋ, ಶನಿವಾರ

ದೊಡ್ಡಕ್ಕನಿಗೆ,

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ಇಲ್ಲಿ ಪಾಠಕ್ಕಾಗಿ ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ, ನಗಬೇಡ. ಜೀವಭಯದಿಂದ ದೇಶ ಬಿಟ್ಟು ಬಂದವರಿಗಾಗಿ ಅಕ್ಕಪಕ್ಕದ ಮೂರು ಕೌಂಟಿಗಳು, ಅಂದರೆ ಇಲ್ಲಿನ ಜಿಲ್ಲೆಗಳು, ಹಣ ಕೂಡಿಸಿ ಒಂದು ಕೇಂದ್ರ ನಡೆಸುತ್ತವೆ. ವಕೀಲರು, ಇಂಗ್ಲಿಷ್ ಪಾಠ, ಊಟ ಎಲ್ಲವೂ ಬಿಟ್ಟಿ. ಪಕ್ಕದ ಅಪಾರ್ಟ್‌ಮೆಂಟಿನ ಗ್ವಾಟೆಮಾಲಾದ ಹುಡುಗಿ ಮಾರಿಸೋಲ್‌ಗೆ ಇಲ್ಲೇ ಉಳಿಯಲು ಅನುಮತಿಯೂ ಸಿಕ್ಕಿತು. ನನ್ನ ವೀಸಾ ಈ ತಿಂಗಳ ಹದಿನೆಂಟಕ್ಕೆ ಮುಗಿಯುತ್ತದೆ.

ಚಿಕ್ಕಪ್ಪ ಆ ಕೇಂದ್ರದಿಂದ ನನಗೂ ಅರ್ಜಿ ತಂದರು. "ಊರಾಗ ಕೊಲ್ತಾರ ಅಂತ ಬರೀ. ಗದಗಕ್ಕ ಹೋಗಿ ಯಾರು ನೋಡ್ತಾರ?" ಎಂದರು. ಮರಳಿ ಹೋದರೆ ಯಾರ ಭಯ ಎಂಬ ಪ್ರಶ್ನೆಯ ಮುಂದೆ ಅರ್ಧ ಗಂಟೆ ಕುಳಿತೆ. ಅವ್ವನ ಬೈಗುಳ ಬಿಟ್ಟರೆ ಏನೂ ಹೊಳೆಯಲಿಲ್ಲ. "ಯಾರದೂ ಇಲ್ಲ" ಎಂದು ಬರೆದುಕೊಟ್ಟೆ. ಚಿಕ್ಕಪ್ಪ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

"ನಿನ್ನ ಅದೃಷ್ಟ" ಎಂದು ಮಾರಿಸೋಲ್‌ಗೆ ಹೇಳಿದೆ. "ನೀನು ಬೇಕೆಂದಾಗ ನಿನ್ನ ಅಮ್ಮನ ಹತ್ತಿರ ಹೋಗಬಹುದಾ?" ಎಂದು ಕೇಳಿದವಳೇ ಬಾಗಿಲು ಹಾಕಿಕೊಂಡಳು.

ಕೆಮ್ಮು ವಾಸಿಯಾಗಿದೆ. ಹದಿನೇಳಕ್ಕೆ ಹೊರಡುತ್ತೇನೆಂದು ಅವ್ವನಿಗೆ ಹೇಳು. ಮಾರಿಸೋಲ್ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ, ನಿನಗೂ ಸುಳ್ಳು ಹೇಳಲಾರೆ.

ದೀಪಾಲಿ